ಮಲಗಿಸುವ ಕನಿಕರವೂ ಎಬ್ಬಿಸುವ ಕನಿಕರವೂ



ನೋಯುವವನನ್ನು ಕಂಡ ಕೂಡಲೇ ಅವನ ನೋವನ್ನು ನಿಲ್ಲಿಸಬೇಕೆಂಬ ಮನಸ್ಸು ಮನುಷ್ಯನಲ್ಲಿ ತಾನಾಗಿ ಹುಟ್ಟುತ್ತದೆ. ಇದಕ್ಕೆ ನಾವು ಕನಿಕರವೆನ್ನುತ್ತೇವೆ. ಇದು ದೇವರು ನಮ್ಮ ಹೃದಯದಲ್ಲಿ ಇಟ್ಟಿರುವ ಒಳ್ಳೇ ಗುಣವೆಂಬದರಲ್ಲಿ ಸಂದೇಹವಿಲ್ಲ. ಆದರೂ ಇಲ್ಲಿ ವಿಚಾರಮಾಡತಕ್ಕ ಒಂದು ಪ್ರಶ್ನೆಯುಂಟು. ನೋವನ್ನು ನಿಲ್ಲಿಸುವದು ಎಲ್ಲಾ ಸಮಯದಲ್ಲಿಯೂ ಪ್ರೀತಿಯ ಕೆಲಸವೋ? ಒಬ್ಬನ ಹಿತಕ್ಕೋಸ್ಕರವೇ ಅವನಿಗೆ ನೋವಾಗುವ ಕೆಲಸವನ್ನು ಅವನಿಂದ ಮಾಡಿಸುವವನು ಕಠಿಣಹೃದಯದವನೋ? ಅದನ್ನು ತಡೆಯುವವನು ದಯಾಳುವೋ? ಸೆಮಿನರಿಯಲ್ಲಿ ಓದುವಾಗ ಈ ಪ್ರಶ್ನೆಯನ್ನು ಕೇಳಿ ಅದಕ್ಕೆ ಉತ್ತರ ಬರೆದದ್ದುಂಟು. ಆದರೆ ಅದರ ನಿಜವಾದ ಉತ್ತರವನ್ನು ಐಹೊಳೆಯ ಹತ್ತಿರದ ಒಂದು ಹಳ್ಳಿಯಲ್ಲಿ, ಒಬ್ಬ ವಿಧವೆಯ ಮಂಚದ ಬಳಿಯಲ್ಲಿ, ನಾನೇ ತಪ್ಪುಮಾಡಿ ಕಲಿತೆನು. ಅದನ್ನು ಮುಚ್ಚಿಡದೆ ಬರೆಯುತ್ತೇನೆ. ಯಾಕಂದರೆ ಇಂಥ ತಪ್ಪು ನಮ್ಮ ಸಭೆಗಳ ಮನೆಗಳಲ್ಲಿ ಪ್ರೀತಿಯ ಹೆಸರಿನಿಂದಲೇ ನಡೆಯುವದುಂಟು.

ಆ ತಾಯಿಯು ನಮ್ಮ ಸಭೆಯ ಹಿರಿಯಳು, ಅರುವತ್ತೈದು ವರುಷ ದಾಟಿದವಳು. ಯೌವನದಲ್ಲಿ ಕುಣಿಮಗ್ಗದ ಮುಂದೆ ಕೂತು ಇಳಕಲ್ಲ ಸೀರೆಗಳನ್ನು ನೆಯ್ದಳು. ಆ ಮೇಲೆ ಮಲಪ್ರಭೆಯ ದಂಡೆಯ ಹೊಲಗಳಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆದು ಮಕ್ಕಳನ್ನು ಸಾಕಿದಳು. ಕಡೆಗೆ ಅವಳ ಮೊಣಕಾಲುಗಳು ಸವೆದುಹೋದವು. ತೊಡೆಯ ಎಲುಬೂ ಅದರ ಕೆಳಗಿನ ಎಲುಬೂ ಕೂಡುವ ಸ್ಥಳದಲ್ಲಿ ಸೃಷ್ಟಿಕರ್ತನು ನುಣುಪಾದ ಒಂದು ಹಾಸನ್ನು ಇಟ್ಟಿದ್ದಾನೆ. ಅದು ತೇದುಹೋದಾಗ ಎಲುಬು ಎಲುಬನ್ನು ಉಜ್ಜುತ್ತದೆ, ಕಾಲು ಬಿಲ್ಲಿನಂತೆ ಡೊಂಕಾಗುತ್ತದೆ, ರಾತ್ರಿಯಲ್ಲಿ ನಿದ್ರೆಯಿರುವದಿಲ್ಲ. ಮಾತ್ರೆಗಳಿಂದಲೂ ಎಣ್ಣೆಯಿಂದಲೂ ಪ್ರಯೋಜನವಾಗದೆ ಹೋದಾಗ ಪಟ್ಟಣದ ದವಾಖಾನೆಯ ವೈದ್ಯರು ಬಲಗಾಲಿನ ಕೀಲನ್ನು ಬದಲಿಸುವ ಶಸ್ತ್ರಕ್ರಿಯೆಯನ್ನು ಮಾಡಬೇಕೆಂದು ಹೇಳಿದರು.

ಈ ಶಸ್ತ್ರಕ್ರಿಯೆಯ ವಿಷಯವಾಗಿ ನಮ್ಮ ಹಳ್ಳಿಗಳಲ್ಲಿ ಅನೇಕ ತಪ್ಪು ಮಾತುಗಳು ಇರುವದರಿಂದ ಸ್ವಲ್ಪ ವಿವರಿಸುವದು ಒಳ್ಳೇದು. ಇದರಲ್ಲಿ ಕಾಲನ್ನು ಕತ್ತರಿಸಿ ತೆಗೆಯುವದಿಲ್ಲ. ಸವೆದ ಎಲುಬಿನ ತುದಿಗಳನ್ನು ಮಾತ್ರ ತೆಳ್ಳಗೆ ಕೊಯ್ದು, ಆ ಸ್ಥಳದಲ್ಲಿ ಲೋಹದ ಹೊದಿಕೆಗಳನ್ನೂ ಅವುಗಳ ನಡುವೆ ಗಟ್ಟಿಯಾದ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನೂ ಕೂರಿಸುತ್ತಾರೆ. 1890ನೆಯ ಇಸವಿಯಲ್ಲಿಯೇ ಬರ್ಲಿನ್ ಪಟ್ಟಣದ ಗ್ಲುಕ್ ಎಂಬ ವೈದ್ಯನು ಆನೆಯ ದಂತದಿಂದ ಮೊಣಕಾಲಿನ ಕೀಲನ್ನು ಮಾಡಿ ಇಟ್ಟು ನೋಡಿದನು, ಆದರೆ ಅದು ಬಾಳಲಿಲ್ಲ. ಈಗ ನಡೆಯುವ ಕ್ರಮವು 1970ರ ದಶಕದಲ್ಲಿ ಬೆಳೆದುಬಂದದ್ದು. ನಮ್ಮ ದೇಶದಲ್ಲಿ ಇದು ಬಹುಕಾಲ ಸಿರಿವಂತರಿಗೆ ಮಾತ್ರ ಎಟಕುವಂಥದ್ದಾಗಿತ್ತು. 2017ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಭಾರತ ಸರಕಾರವು ಈ ಕೃತಕ ಕೀಲುಗಳ ಬೆಲೆಗೆ ಮಿತಿಯನ್ನು ಕಟ್ಟಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಮತ್ತು ಕ್ರೋಮಿಯಂ ಲೋಹದ ಕೀಲಿಗೆ ಮುಂಚೆ ಲಕ್ಷ ರೂಪಾಯಿಗೂ ಮೇಲೆ ಬೆಲೆಯಿದ್ದದ್ದು ಆಗ, ತೆರಿಗೆಯ ಹೊರತು, 54,720 ರೂಪಾಯಿಗೆ ಇಳಿಯಿತು. ಹೀಗೆ ನೇಕಾರನ ಮನೆಯ ತಾಯಿಗೂ ಈ ದಾರಿ ತೆರೆಯಿತು. ಅವಳ ಮಗನೂ ಸಾಲ ಮಾಡಿ ತಾಯಿಯ ಶಸ್ತ್ರಕ್ರಿಯೆಯನ್ನು ಮಾಡಿಸಿದನು.

ಆದರೆ ಶಸ್ತ್ರಕ್ರಿಯೆಯಾದ ಮೇಲೆ ವೈದ್ಯರು ಹೇಳಿದ ಮಾತು ಮನೆಯವರಿಗೆ ಆಶ್ಚರ್ಯವಾಗಿತ್ತು. ಅರ್ಧ ಕೆಲಸವನ್ನು ನಾವು ಮಾಡಿದೆವು, ಇನ್ನರ್ಧ ಕೆಲಸವನ್ನು ಈ ತಾಯಿಯೇ ಮಾಡಬೇಕು, ಅಂದರು. ಮರುದಿನವೇ ಅವಳನ್ನು ಎಬ್ಬಿಸಿ, ನಾಲ್ಕು ಕಾಲಿನ ವಾಕರನ್ನು ಹಿಡಿಸಿ ನಿಲ್ಲಿಸಿದರು. ವ್ಯಾಯಾಮವನ್ನು ಕಲಿಸುವ ಹುಡುಗಿಯು ಬಂದು ಪಾಠಗಳನ್ನು ಹೇಳಿಕೊಟ್ಟಳು. ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರಬೇಕು, ಹಾಗೆ ಮಾಡಿದರೆ ಮೀನಖಂಡದಲ್ಲಿ ರಕ್ತವು ಹೆಪ್ಪುಗಟ್ಟುವ ಭಯವು ಕಡಿಮೆಯಾಗುವದು. ತೊಡೆಯ ಮುಂಭಾಗದ ಮಾಂಸವನ್ನು ಬಿಗಿದು ಹಿಡಿದು ಬಿಡಬೇಕು. ಕಾಲನ್ನು ನೀಟಾಗಿ ಮೇಲಕ್ಕೆತ್ತಬೇಕು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮೊಣಕಾಲನ್ನು ಮಡಚಬೇಕು. ಮಲಗುವಾಗ ಮೊಣಕಾಲಿನ ಕೆಳಗೆ ದಿಂಬನ್ನು ಎಂದಿಗೂ ಇಡಬಾರದು, ಇಟ್ಟರೆ ಕಾಲು ಮುಂದೆ ಪೂರ್ತಿಯಾಗಿ ನೆಟ್ಟಗಾಗದು. ಇವೆಲ್ಲವನ್ನೂ ದಿನಕ್ಕೆ ಮೂರು ಹೊತ್ತು, ವಾರಗಟ್ಟಲೆ, ನೋವಿದ್ದರೂ ಮಾಡಬೇಕು.

ಇದಕ್ಕೆ ಕಾರಣವೇನು? ನಮ್ಮ ಊರಿನ ಬೆಟ್ಟದ ಮೇಲೆ ಮೇಗುತಿಯೆಂಬ ಜಿನಾಲಯವುಂಟು. ರವಿಕೀರ್ತಿಯು ಅದನ್ನು ಕಟ್ಟಿಸಿ ಕ್ರಿ. ಶ. 634ರಲ್ಲಿ ಅದರ ಗೋಡೆಯ ಮೇಲೆ ಶಾಸನವನ್ನು ಬರೆಯಿಸಿದನು. ಶಿಲ್ಪಿಯು ಅಂದು ಕೂರಿಸಿದ ಕಲ್ಲುಗಳು ಸಾವಿರದ ಮುನ್ನೂರು ವರುಷಗಳಿಗೂ ಮೇಲೆ ಹಾಗೆಯೇ ಕೂತಿವೆ. ಅವುಗಳನ್ನು ದಿನಾಲು ಅಲುಗಾಡಿಸುವ ಅವಶ್ಯವಿಲ್ಲ. ವೈದ್ಯನು ಇಟ್ಟ ಲೋಹದ ಕೀಲು ಅಂಥ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತುಕೊಳ್ಳುವದು. ಅದರ ಸುತ್ತಲಿರುವ ಮಾಂಸವಾದರೋ ಕಲ್ಲಲ್ಲ. ಗಾಯವು ಮಾಯುವಾಗ ಕೀಲಿನ ಸುತ್ತಲೂ ಹೊಸ ನಾರು ಬೆಳೆಯುತ್ತದೆ. ಕಾಲನ್ನು ದಿನಾಲು ಮಡಚಿ ನೀಡಿದರೆ ಆ ನಾರು ಚಲನೆಗೆ ತಕ್ಕ ಹಾಗೆ ಸಡಿಲವಾಗಿ ಬೆಳೆಯುವದು. ಸುಮ್ಮನೆ ಬಿಟ್ಟರೆ ಅದೇ ನಾರು ಕುಗ್ಗಿ ಗಟ್ಟಿಯಾಗಿ ಹೊಸ ಕೀಲನ್ನು ಹಗ್ಗದಂತೆ ಬಿಗಿದುಹಾಕುವದು. ಇದಕ್ಕೆ ಸಿಕ್ಕುವ ಸಮಯವು ಕೆಲವು ವಾರಗಳು ಮಾತ್ರ. ಸಮನೆಲದಲ್ಲಿ ನಡೆಯಲಿಕ್ಕೆ ಮೊಣಕಾಲು ಸುಮಾರು 65 ಡಿಗ್ರಿ ಮಡಚಬೇಕು. ಮೆಟ್ಟಲುಗಳಿಗೆ ಚೌಕದ ಮೂಲೆಯಷ್ಟು, ಅಂದರೆ ಸುಮಾರು 90 ಡಿಗ್ರಿ ಬೇಕು. ತಗ್ಗಾದ ಕುರ್ಚಿಯಿಂದ ಏಳಲಿಕ್ಕೆ ಅದಕ್ಕಿಂತಲೂ ಹೆಚ್ಚು ಬೇಕು.

ಮನೆಯಲ್ಲಿ ಈ ಕೆಲಸವನ್ನು ಹೊತ್ತವಳು ಸೊಸೆ. ಅವಳು ಒಂದು ಪುಸ್ತಕದಲ್ಲಿ ಗೆರೆ ಎಳೆದು, ಮೂರು ಹೊತ್ತಿನ ಲೆಕ್ಕವನ್ನು ಬರೆಯುತ್ತಿದ್ದಳು. ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ತಾಸು ಮುಂಚೆ ಕೊಡುವಳು. ಮುಗಿದ ಮೇಲೆ ಬಟ್ಟೆಯಲ್ಲಿ ಮಂಜುಗಡ್ಡೆ ಕಟ್ಟಿ ಇಡುವಳು. ಹದಿನೈದನೆಯ ದಿನ ನಾನು ಪ್ರಾರ್ಥಿಸುವದಕ್ಕೋಸ್ಕರ ಆ ಮನೆಗೆ ಹೋದಾಗ ಬಾಗಿಲಲ್ಲಿಯೇ ಅಳುವ ಶಬ್ದವು ಕೇಳಿಸಿತು. "ಅತ್ತೀ, ಇನ್ನೊಂದು ಸಲ ಮಡಚ್ರಿ, ಇನ್ನೊಂದೇ ಸಲ" ಎಂದು ಸೊಸೆಯು ಹೇಳುತ್ತಿದ್ದಳು. ತಾಯಿಯು ನನ್ನನ್ನು ಕಂಡು, "ಉಪದೇಶಿಗಳೇ, ನೀವಾದರೂ ಈಕೀಗೆ ಹೇಳ್ರಿ, ನನ್ನ ಜೀವಾ ತಗೀತಾಳ" ಎಂದು ಕಣ್ಣೀರು ಸುರಿಸಿದಳು.

ನನ್ನ ಕರುಳು ಕಲಕಿತು. ನಾನು ಸೊಸೆಯ ಕಡೆಗೆ ತಿರುಗಿ, "ತಂಗೀ, ಮುದುಕರನ್ನು ಹೀಗೆ ನೋಯಿಸುವದು ಕ್ರೈಸ್ತರಿಗೆ ತಕ್ಕದ್ದಲ್ಲ. ವಿಶ್ರಾಂತಿ ತೆಗೆದುಕೊಳ್ಳಲಿ, ತಕ್ಕ ಕಾಲದಲ್ಲಿ ದೇವರೇ ಗುಣಪಡಿಸುವನು" ಅಂದೆನು. ಅಷ್ಟೇ ಅಲ್ಲ, ಕಾಲಿಗೆ ಹಿತವಾಗಲೆಂದು ಕೌದಿಯನ್ನು ಮಡಚಿ ನನ್ನ ಕೈಯಿಂದಲೇ ಅವಳ ಮೊಣಕಾಲಿನ ಕೆಳಗೆ ಇಟ್ಟೆನು. ಯಾವದನ್ನು ಇಡಬಾರದೆಂದು ವೈದ್ಯರು ಹೇಳಿದ್ದರೋ ಅದನ್ನೇ ಇಟ್ಟೆನು. ತಾಯಿಯು ನನ್ನನ್ನು ಆಶೀರ್ವದಿಸಿದಳು. ಸೊಸೆಯು ಏನೂ ಎದುರಾಡದೆ ಪುಸ್ತಕವನ್ನು ಮುಚ್ಚಿ ಅಡಿಗೆಮನೆಗೆ ಹೋದಳು. ಪ್ರಾರ್ಥಿಸಿ ಮನೆಗೆ ಬರುವಾಗ, ಈ ಹೊತ್ತು ಒಂದು ದಯೆಯ ಕೆಲಸವನ್ನು ಮಾಡಿದೆನೆಂದು ಸಂತೋಷಪಟ್ಟೆನು.

ಆರನೆಯ ವಾರದಲ್ಲಿ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದರು. ಕಾಲು ಪೂರ್ತಿ ನೆಟ್ಟಗಾಗಲಿಲ್ಲ. 60 ಡಿಗ್ರಿಗಿಂತ ಹೆಚ್ಚು ಮಡಚಲೂ ಇಲ್ಲ. ಗಾಯವು ಮಾಯ್ದಿತ್ತು, ಲೋಹವು ಸರಿಯಾಗಿಯೇ ಕೂತಿತ್ತು, ಆದರೆ ಕಾಲು ಬಿಗಿದುಕೊಂಡಿತ್ತು. ವೈದ್ಯರು ಪುನಃ ಅರಿವಳಿಕೆ ಕೊಟ್ಟು, ಕೀಲಿನ ಸುತ್ತ ಬಿಗಿದಿದ್ದ ನಾರುಗಳು ಬಿಡುವ ಹಾಗೆ ಕಾಲನ್ನು ಮಡಚಬೇಕಾಯಿತು. ಆ ಮೇಲೆ ಅವೇ ವ್ಯಾಯಾಮಗಳು, ಅದೇ ಪುಸ್ತಕ. ಆದರೆ ನೋವು ಮೊದಲಿಗಿಂತ ಹೆಚ್ಚು, ಸಾಲವೂ ಹೆಚ್ಚು. ನಾನು ಉಳಿಸಿಕೊಟ್ಟೆನೆಂದು ನೆನಸಿದ ನೋವನ್ನು ಅವಳು ಬಡ್ಡಿ ಸಮೇತ ತೆರಬೇಕಾಯಿತು. ನಾನು ಆ ಮನೆಗೆ ಹೋಗಿ ಅತ್ತೆಯ ಮುಂದೆಯೇ ಸೊಸೆಯಲ್ಲಿ ಕ್ಷಮೆಯನ್ನು ಬೇಡಿಕೊಂಡೆನು. ಅವಳು, "ನೀವು ಹಿರಿಯರು, ನಿಮಗೆ ಹೆಂಗ ಎದುರು ಮಾತಾಡ್ಲಿ ಅಂತ ಸುಮ್ಮನಾದೆ ರೀ" ಅಂದಳು. ಈ ಮಾತು ನನ್ನನ್ನು ಮತ್ತಷ್ಟು ಚುಚ್ಚಿತು. ಯಾಕಂದರೆ ನಾನು ಅವಳನ್ನು ಸೋಲಿಸಿದ್ದು ತಿಳುವಳಿಕೆಯಿಂದಲ್ಲ, ನನ್ನ ಉದ್ಯೋಗದ ಗೌರವದಿಂದ.

ಆ ರಾತ್ರಿ ನನ್ನನ್ನು ನಾನೇ ಪರೀಕ್ಷಿಸಿಕೊಂಡೆನು. ಆ ದಿನ ನಾನು ಯಾರ ಮೇಲೆ ಕನಿಕರಪಟ್ಟೆನು? ತಾಯಿಯ ಮೇಲೆ ಎಂದು ಹೇಳುತ್ತಿದ್ದೆನು. ಆದರೆ ಸತ್ಯವನ್ನು ಹೇಳುವದಾದರೆ ಅವಳ ಅಳುವನ್ನು ಕೇಳಲಾರದವನು ನಾನು. ಅವಳು ಅಳುವದನ್ನು ನಿಲ್ಲಿಸಿದಾಗ ನನ್ನ ಮನಸ್ಸಿಗೆ ಹಾಯೆನಿಸಿತು. ಅದನ್ನು ಅವಳ ಹಿತವೆಂದು ಎಣಿಸಿದೆನು. ಸೊಸೆಯಾದರೋ ಆ ಅಳುವನ್ನು ದಿನಕ್ಕೆ ಮೂರು ಸಾರಿ ಕೇಳಿದಳು, ಬೈಗಳನ್ನು ಸಹಿಸಿದಳು, ನೆರೆಯವರಿಂದ ಕಲ್ಲೆದೆಯವಳೆಂಬ ಹೆಸರನ್ನೂ ಹೊತ್ತಳು. ನಾನು ಒಂದು ಗಳಿಗೆ ಕೂತು ಒಳ್ಳೆಯವನೆನಿಸಿಕೊಂಡೆನು. ನಮ್ಮಿಬ್ಬರಲ್ಲಿ ಪ್ರೀತಿಸಿದವರು ಯಾರು? ವಾಚಕರೇ, ನೀವೇ ತೀರ್ಪುಮಾಡಿರಿ. ಕನಿಕರವೆಂದು ನಾವು ಕರೆಯುವದರಲ್ಲಿ ಬಹುಭಾಗವು ನಮ್ಮ ಮೇಲೆ ನಾವೇ ಪಡುವ ಕನಿಕರವಾಗಿರಬಹುದು.

ನಮ್ಮ ಕರ್ತನು ಹೇಗೆ ನಡೆದನೆಂದು ನೋಡೋಣ. ಯೋಹಾನನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಬೇಥೆಸ್ದ ಕೊಳದ ಬಳಿಯಲ್ಲಿ ಮೂವತ್ತೆಂಟು ವರುಷ ರೋಗಿಯಾಗಿದ್ದವನ ಸಂಗತಿಯುಂಟು. ಕರ್ತನು ಅವನನ್ನು ಎತ್ತಿ ಕೊಳಕ್ಕೆ ಇಳಿಸಲಿಲ್ಲ. ಮೊದಲು, ನಿನಗೆ ಸ್ವಸ್ಥನಾಗುವ ಮನಸ್ಸುಂಟೋ ಎಂದು ವಿಚಾರಿಸಿದನು. ಆ ಮೇಲೆ ಏಳುವದಕ್ಕೂ ತನ್ನ ಹಾಸಿಗೆಯನ್ನು ತಾನೇ ಹೊತ್ತುಕೊಂಡು ನಡೆಯುವದಕ್ಕೂ ಅಪ್ಪಣೆಕೊಟ್ಟನು. ಇಷ್ಟು ವರುಷ ಮಲಗಿದ್ದವನಿಗೆ ಹಾಸಿಗೆಯನ್ನು ಹೊರಿಸಬೇಕೋ, ಅಲ್ಲಿದ್ದ ಜನರಲ್ಲಿ ಯಾರಾದರೂ ಹೊರಬಾರದಿತ್ತೋ ಎಂದು ನನ್ನಂಥವನು ಕೇಳಿಯಾನು. ಆದರೆ ಬಲವನ್ನು ಕೊಟ್ಟಾತನು ಆ ಬಲವನ್ನು ಉಪಯೋಗಿಸುವ ಗೌರವವನ್ನೂ ಅವನಿಗೆ ಕೊಟ್ಟನು.

ಇಲ್ಲಿ ಒಬ್ಬನು, ಇದು ಕ್ರಿಯೆಗಳಿಂದ ರಕ್ಷಣೆಯೆಂಬ ಬೋಧನೆಯಾಯಿತಲ್ಲಾ ಎಂದು ಹೇಳಾನು. ಹಾಗಲ್ಲ. ಆ ತಾಯಿಯು ತನ್ನ ಹೊಸ ಕೀಲನ್ನು ತಾನು ಮಾಡಿಕೊಳ್ಳಲಿಲ್ಲ. ಸಾವಿರ ವರುಷ ವ್ಯಾಯಾಮ ಮಾಡಿದರೂ ಸವೆದ ಎಲುಬು ಹೊಸದಾಗದು. ಅವಳು ಅರಿವಿಲ್ಲದೆ ಮಲಗಿದ್ದಾಗ ಬೇರೊಬ್ಬರು ಅದನ್ನು ಅವಳಲ್ಲಿ ಇಟ್ಟರು. ಕೃಪೆಯೂ ಹಾಗೆಯೇ. ಆದರೆ ಕೊಡಲ್ಪಟ್ಟ ಕೀಲಿನಿಂದ ನಡೆಯದವನಿಗೆ ಕೀಲು ಇದ್ದೂ ಇಲ್ಲದಂತಾಗುವದು. ಅಪೊಸ್ತಲನಾದ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ, ಭಯದಿಂದ ನಡುಗುತ್ತಾ ಪ್ರಯಾಸಪಡಬೇಕೆಂಬದನ್ನೂ ಒಳಗೆ ಕೆಲಸ ನಡಿಸುವಾತನು ದೇವರೇ ಎಂಬದನ್ನೂ ಒಂದೇ ಉಸುರಿನಲ್ಲಿ ಹೇಳಿದ್ದಾನೆ.

ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯವನ್ನೂ ತೆರೆದು ನೋಡಿರಿ. ಎರಡನೆಯ ವಚನದಲ್ಲಿ ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದೂ, ಐದನೆಯ ವಚನದಲ್ಲಿ ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕೆಂದೂ ಬೋಧನೆಯುಂಟು. ಇವೆರಡಕ್ಕೂ ವಿರೋಧವೋ? ಮೊಣಕಾಲಿನ ದೃಷ್ಟಾಂತದಿಂದ ನನಗೆ ಇದರ ಅರ್ಥವಾಯಿತು. ಸಾಲವನ್ನು ಮಗನು ಹೊರಬಹುದು, ನೀರನ್ನು ಮೊಮ್ಮಗಳು ತರಬಹುದು, ಅಡಿಗೆಯನ್ನು ಸೊಸೆಯು ಮಾಡಬಹುದು. ಆದರೆ ಆ ತಾಯಿಯ ಮೊಣಕಾಲನ್ನು ಅವಳಿಗೆ ಬದಲಾಗಿ ಮಡಚುವವರು ಯಾರೂ ಇಲ್ಲ. ಅಟಲ್ ಬಿಹಾರಿ ವಾಜಪೇಯಿಯವರು ದೇಶದ ಪ್ರಧಾನ ಮಂತ್ರಿಗಳಾಗಿದ್ದಾಗಲೇ ಮುಂಬಯಿಯಲ್ಲಿ 2000ನೆಯ ಇಸವಿಯಲ್ಲಿ ಒಂದು ಮೊಣಕಾಲಿಗೂ 2001ರಲ್ಲಿ ಇನ್ನೊಂದಕ್ಕೂ ಇದೇ ಶಸ್ತ್ರಕ್ರಿಯೆಯಾಯಿತು. ಅವರ ಅಪ್ಪಣೆಯಂತೆ ನಡೆಯುವವರು ಲಕ್ಷಾಂತರ ಜನರಿದ್ದರೂ ಅವರ ಕಾಲನ್ನು ಅವರೇ ಮಡಚಬೇಕಾಗಿತ್ತು. ಈ ವಿಷಯದಲ್ಲಿ ಮಂತ್ರಿಗೂ ನೇಕಾರಳಿಗೂ ಭೇದವಿಲ್ಲ. ಹೊರಬಹುದಾದ ಭಾರವನ್ನು ಹೊರುವದೂ, ಹೊರಲಾಗದ್ದನ್ನು ಅವನೇ ಹೊರುವಂತೆ ಬಳಿಯಲ್ಲಿ ನಿಲ್ಲುವದೂ, ಎರಡೂ ಪ್ರೀತಿಯ ಕೆಲಸಗಳೇ.

ನಮ್ಮ ಸಭೆಗಳ ಚರಿತ್ರೆಯಲ್ಲಿಯೂ ಇದಕ್ಕೆ ಸಾಕ್ಷಿಯುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1851ರಲ್ಲಿ ನಮ್ಮ ನೆರೆಯ ಗುಳೇದಗುಡ್ಡದಲ್ಲಿ ನೇಕಾರರ ನಡುವೆ ಸೇವೆಯನ್ನು ಆರಂಭಿಸಿದರು. ಕ್ರಿಸ್ತನನ್ನು ಒಪ್ಪಿಕೊಂಡವರಲ್ಲಿ ಅನೇಕರು ಕುಲದಿಂದಲೂ ಕಸಬಿನಿಂದಲೂ ಹೊರಗಾದಾಗ ಅವರಿಗೆ ದಿನಾಲು ಅನ್ನ ಹಾಕುವದು ಸುಲಭವಾದ ಕನಿಕರವಾಗಿತ್ತು. ಮಿಶನ್ನಿನವರು ಅದಕ್ಕೆ ನಿಲ್ಲದೆ ಮಂಗಳೂರಿನಲ್ಲಿ ನೇಯ್ಗೆಯನ್ನು ಕಲಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಹೀಗೆ ಜನರು ತಮ್ಮ ಕಾಲ ಮೇಲೆ ತಾವು ನಿಲ್ಲುವವರಾದರು.

ಹಾಗಾದರೆ ನೋಯಿಸುವದೆಲ್ಲಾ ಪ್ರೀತಿಯೋ? ಎಂದಿಗೂ ಅಲ್ಲ. ಈ ಮಾತನ್ನು ಹಿಡಿದುಕೊಂಡು ಹೆಂಡತಿಮಕ್ಕಳನ್ನು ಹೊಡೆಯುವವನೂ ಆಳುಗಳನ್ನು ದಣಿಸುವವನೂ ತಪ್ಪಿಸಿಕೊಳ್ಳದಂತೆ ಎಬ್ಬಿಸುವ ಕನಿಕರದ ಮೂರು ಗುರುತುಗಳನ್ನು ಹೇಳುತ್ತೇನೆ.

ಮೊದಲನೆಯದು, ಅದು ನೋಯುವವನ ಸ್ವಂತ ಇಷ್ಟವನ್ನು ಸೇವಿಸುತ್ತದೆ. ಆದರೆ ಇಷ್ಟವನ್ನು ನೋವಿನ ಗಳಿಗೆಯಲ್ಲಿ ಕೇಳಬಾರದು, ಮನಸ್ಸು ಶಾಂತವಾಗಿರುವಾಗ ಕೇಳಬೇಕು. ಈಗ ಸೊಸೆಯು ದಿನಾಲು ಬೆಳಿಗ್ಗೆ, "ಅತ್ತೀ, ಚರ್ಚಿಗೆ ನಡಕೊಂತ ಹೋಗಬೇಕಂತೀರೋ ಇಲ್ಲೋ?" ಎಂದು ಕೇಳುವಳು. ಹೂಂ ಅಂದ ಮೇಲೆಯೇ ಪುಸ್ತಕವನ್ನು ತೆರೆಯುವಳು. ಎರಡನೆಯದು, ಅದಕ್ಕೆ ತಿಳಿದವರು ಕಟ್ಟಿದ ಅಳತೆಯುಂಟು. ಮನೆಯವರು ಬಲವಂತದಿಂದ ಕಾಲನ್ನು ಹಿಡಿದು ಒತ್ತಬಾರದು. ಸಿಕ್ಕಸಿಕ್ಕವರ ಕೈಯಲ್ಲಿ ತಿಕ್ಕಿಸಬಾರದು. ಮಡಚುವಾಗಿನ ನೋವು ಬೇರೆ, ಅಪಾಯದ ನೋವು ಬೇರೆ. ಜ್ವರ ಬಂದರೆ, ಗಾಯವು ಕೆಂಪಾಗಿ ಕೀವು ಸುರಿದರೆ, ಮೀನಖಂಡವು ಬಾತು ನೋಯಲಾರಂಭಿಸಿದರೆ, ಎದೆನೋವೋ ಉಬ್ಬಸವೋ ಆದರೆ, ಆಗ ವ್ಯಾಯಾಮವಲ್ಲ, ಪ್ರಾರ್ಥನೆಗಾಗಿ ಕಾಯುವದೂ ಅಲ್ಲ, ಆ ಕ್ಷಣವೇ ದವಾಖಾನೆಗೆ ಒಯ್ಯಬೇಕು. ಮೂರನೆಯದು, ಏಳು ಎಂದು ಹೇಳುವವನು ಬಳಿಯಲ್ಲಿ ಇರುತ್ತಾನೆ. ದೂರದಲ್ಲಿ ನಿಂತು ಅಪ್ಪಣೆ ಕೊಡುವದು ಪ್ರೀತಿಯಲ್ಲ. ದೇವಾಲಯದ ಬಾಗಿಲಲ್ಲಿ ಕುಂಟನನ್ನು ಎಬ್ಬಿಸಿದ ಪೇತ್ರನು ಬರೀ ಮಾತು ಹೇಳಿ ನಿಲ್ಲಲಿಲ್ಲ. ಅವನ ಬಲಗೈಯನ್ನು ಹಿಡಿದು ಎತ್ತಿದನು.

ಆದಕಾರಣ ಸಭೆಯವರೇ, ಇಂಥ ಮನೆಗಳಿಗೆ ಭೇಟಿಕೊಡುವಾಗ ಅಯ್ಯೋ ಪಾಪವೆಂದು ಹೇಳಿ ವ್ಯಾಯಾಮವನ್ನು ಬಿಡಿಸಬೇಡಿರಿ. ಆ ಹೊತ್ತಿಗೆ ಹೋಗಿ ಎಣಿಸುವವರಾಗಿರಿ. ಅವರ ಸಂಗಡ ಅಂಗಳದಲ್ಲಿ ಹತ್ತು ಹೆಜ್ಜೆ ನಡೆಯಿರಿ. ಮನೆಯಲ್ಲಿ ಎತ್ತರದ ಕುರ್ಚಿಯನ್ನೂ ಕಮೋಡನ್ನೂ ಒದಗಿಸುವದಕ್ಕೆ ಸಹಾಯಮಾಡಿರಿ, ಯಾಕಂದರೆ ಅವರು ಕುಕ್ಕರಗಾಲಿನಲ್ಲಿ ಕೂರಬಾರದು. ಮನೆಯ ಸೊಸೆಯನ್ನೋ ಮಗಳನ್ನೋ ದೂರದೆ, ಒಂದು ಹೊತ್ತಿನ ಅಡಿಗೆಯನ್ನು ಮಾಡಿಕೊಟ್ಟು ಅವಳ ಕೈಗಳನ್ನು ಬಲಪಡಿಸಿರಿ.

ಈಗ ಆ ತಾಯಿಯ ಕಾಲು 95 ಡಿಗ್ರಿ ಮಡಚುತ್ತದೆ. ಮೊದಲೇ ಬಿಡದೆ ಮಾಡಿದ್ದರೆ ಇನ್ನೂ ಹೆಚ್ಚು ಮಡಚುತ್ತಿತ್ತೇನೋ. ಎಡಗೈಯಲ್ಲಿ ಕೋಲು ಹಿಡಿದು ಪ್ರಾರ್ಥನಾಮಂದಿರಕ್ಕೆ ನಡೆದು ಬರುತ್ತಾಳೆ. ಮೆಟ್ಟಲು ಹತ್ತುವಾಗ ಒಳ್ಳೇ ಕಾಲು ಮುಂದು, ಇಳಿಯುವಾಗ ಶಸ್ತ್ರಕ್ರಿಯೆಯಾದ ಕಾಲು ಮುಂದು. ಮೊಣಕಾಲೂರಿ ಪ್ರಾರ್ಥಿಸುವದು ಮಾತ್ರ ಅವಳಿಂದ ಆಗದು. ಮೊದಲ ಭಾನುವಾರ ಎಲ್ಲರೂ ನೆಲದ ಮೇಲೆ ಕೂತಿರುವಾಗ ತಾನೊಬ್ಬಳೇ ಕುರ್ಚಿಯ ಮೇಲೆ ಕೂರುವದಕ್ಕೆ ನಾಚಿ, ಬಾಗಿಲಲ್ಲಿಯೇ ನಿಂತಳು. ಯಾಕೋಬನು ಪೆನೀಯೇಲಿನಲ್ಲಿ ಆಶೀರ್ವಾದವನ್ನು ಹೊಂದಿದ ಮೇಲೆಯೂ ಕುಂಟುತ್ತಲೇ ನಡೆದನು, ಆದರೂ ಅವನ ಮುಂದೆ ಸೂರ್ಯನು ಉದಯಿಸಿದನೆಂದು ನಾನು ಅವಳಿಗೆ ನೆನಪು ಮಾಡಿಕೊಟ್ಟೆನು. ಸೊಸೆಯು ಕುರ್ಚಿಯನ್ನು ತಂದು ತನ್ನ ಪಕ್ಕದಲ್ಲಿಯೇ ಹಾಕಿದಳು. ಅಂದಿನಿಂದ ನಮ್ಮ ಸಭೆಯಲ್ಲಿ ಮೊಣಕಾಲು ನೋಯುವವರಿಗಾಗಿ ನಾಲ್ಕು ಕುರ್ಚಿಗಳು ಇವೆ.

ಮಲಗಿದವರ ಬಳಿಗೆ ನಾವು ಹೋಗುವಾಗ, ಕೌದಿಯನ್ನು ಮಡಚಿ ಇಡುವದಕ್ಕಿಂತ ಮುಂಚೆ ನಮ್ಮ ಹೃದಯವನ್ನು ಶೋಧಿಸಿಕೊಳ್ಳುವಂತೆಯೂ, ಹಿಡಿದು ಎತ್ತುವ ಕೈಯನ್ನು ಕೊಡುವದಕ್ಕೆ ಹಿಂದೆಗೆಯದಂತೆಯೂ ಕರ್ತನು ನಮಗೆಲ್ಲರಿಗೂ ಕೃಪೆಮಾಡಲಿ. ಆಮೆನ್.